ಅಪ್ಪ ಬೇಡ ಎಂದ ಬೆಳಿಗ್ಗೆ

ಚಿಟಿಕೆಯಷ್ಟು ಕೆಂಪು ಉದುರಿತು, ಬಿಳಿ ಹೊದಿಕೆಯ ಮೇಲೆ, ಅವಳ ಹೊಟ್ಟೆಯ ನೇರಕ್ಕೆ — ಕುಂಕುಮ, ಮೊನ್ನೆ ಪೂಜೆ ಮಾಡಿದವರು ಯಂತ್ರದ ತೋಳಿಗೆ ಇಟ್ಟದ್ದು, ಒಣಗಿ ಪುಡಿಯಾಗಿ ಈಗ ತೋಳು ಅಲುಗಿದ್ದಕ್ಕೆ ಉದುರಿದೆ, ಕುಂಕುಮ ಅಷ್ಟೇ, ಬೇರೇನಲ್ಲ, ಆದರೆ ನವ್ಯಶ್ರೀಯ ಕೈ ಆಗಲೇ ಹೋಗಿ ಅದನ್ನು ಮುಚ್ಚಿಕೊಂಡಿತ್ತು, ಬಿಳಿಯ ಮೇಲೆ ಕೆಂಪು ಕಂಡರೆ ಮುಚ್ಚಬೇಕೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಕೈ ಎದೆ ಮೇಲೆ ಕಟ್ಕೊಳ್ಳಿ ನವ್ಯಾ, ಹೊಟ್ಟೆ ಮೇಲಲ್ಲ, ಎಂದಳು ಮಹ್ವಿಶ್, ಚನ್ನಪಟ್ಟಣದಿಂದ ದಿನಾ ರೈಲಿಗೆ ಬರುವ ಫಿಸಿಯೋಥೆರಪಿ ಮೇಡಂ, ತವರಿನಲ್ಲಿ ತಲೆಮಾರುಗಳಿಂದ ಮರದ ಗೊಂಬೆ ಮಾಡುವವರು, ನಮ್ಮ ಅಬ್ಬಾ ಮಾಡೋ ಗೊಂಬೇಲೂ ಇಷ್ಟು ಕೀಲು ಇರಲ್ಲ ನೋಡಿ ಎಂದು ಯಂತ್ರದ ಮೊಣಕೈ ತಟ್ಟಿ ಈಗಷ್ಟೇ ನಕ್ಕಿದ್ದಳು, ಈಗ ನಗುತ್ತಿಲ್ಲ, ಯಾರೂ ನಗುತ್ತಿಲ್ಲ. ಬೆನ್ನಿನ ಕೆಳಗೆ ಜೋಲಿಯ ಬಟ್ಟೆ ತೂರಿಸಿ ಆಗಿದೆ, ಹೊಸ ಛತ್ರಿ ಬಿಚ್ಚಿದಾಗ ಬರುವಂಥ ವಾಸನೆ, ಎರಡು ಪಟ್ಟಿಗಳು ತೊಡೆಯ ಕೆಳಗಿಂದ ಬಂದಿವೆಯಂತೆ, ಬಂದಿವೆ ಎಂದು ಮಹ್ವಿಶ್ ಹೇಳಿದ್ದರಿಂದ ಗೊತ್ತು, ಸೊಂಟದಿಂದ ಕೆಳಕ್ಕೆ ಅವಳಿಗೆ ಏನು ಗೊತ್ತಾಗಬೇಕಾದರೂ ಯಾರಾದರೂ ಹೇಳಬೇಕು. ರೋಬೋ ಎನ್ನುತ್ತಾರೆ ವಾರ್ಡಿನಲ್ಲಿ ಎಲ್ಲರೂ, ಈ ಆಸ್ಪತ್ರೆಗೆ ಹೊಸದು, ಹಾಸಿಗೆ ಹಿಡಿದವರನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತದೆ, ಮುಂದೆ ನಿಲ್ಲಿಸುತ್ತದೆ, ಇನ್ನೂ ಮುಂದೆ ನಡೆಸುತ್ತದೆ ಕೂಡ ಎಂದಿದ್ದಾರೆ, ಇವತ್ತು ಮೊದಲ ಸಲ, ಮೊದಲು ಅವಳೇ. ಹಸಿರು ದೀಪ, ಗಾಜಿನ ಪರದೆ, ಬಾಗಿದ ಎರಡು ತೋಳು, ಅದರಾಚೆ ನರ್ಸುಗಳ ಮೇಜು, ಮೇಜಿನ ಮೇಲೆ ನೀಲಿ ಗ್ಲೌಸಿನ ಡಬ್ಬಿ, ಅದರಾಚೆ ಬಾಗಿಲು, ಬಾಗಿಲಲ್ಲಿ ಬಿಸಿಲು ಮಾತ್ರ ಇದೆ, ಅಪ್ಪ ಇಲ್ಲ.

ಈಗಷ್ಟೇ ಇದ್ದ, ಹಾಸಿಗೆಯ ಬಲಕ್ಕೆ, ದಿನಾ ನಿಲ್ಲುವ ಜಾಗದಲ್ಲೇ — ಇದು ಹೆಂಗಸರ ವಾರ್ಡು, ಗಂಡಸರು ಒಳಗೆ ಇರುವಂತಿಲ್ಲ, ಹೊರಗೆ ಜಗಲಿಯ ಬೆಂಚಿನ ಮೇಲೆ ಕೂತಿರುತ್ತಾನೆ ಅಪ್ಪ, ಎತ್ತುವ ಹೊತ್ತಾದಾಗ ಮಾತ್ರ ಅಟೆಂಡರ್ ಬಾಲರಾಜು ಬಾಗಿಲಿಂದ ಕೂಗುತ್ತಾನೆ, ಬೈರಣ್ಣೋ, ಬನ್ನಿ, ನಿಮ್ ಡ್ಯೂಟಿ ಟೈಮಾಯ್ತು, ಆಗ ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಮೊಣಕೈವರೆಗೂ ತೊಳೆದು, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ, ಒರೆಸಿಕೊಳ್ಳದೆ ಹಾಗೇ ಕೈ ಮೇಲೆತ್ತಿಕೊಂಡು ನೀರು ಸೋರಿಸುತ್ತ ಬರುತ್ತಾನೆ, ಹುಳದ ಮನೆಗೆ ಹೋಗುವ ಹಾಗೆ. ದೊಡ್ಡಆಲಹಳ್ಳಿಯಲ್ಲಿ ಮನೆಯ ಹಿಂದುಗಡೆ ರೇಷ್ಮೆ ಹುಳ ಸಾಕುವ ಮನೆ, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೇಸಿನ್, ಕೈ ಅದ್ದದೆ ಹೊಸ್ತಿಲು ದಾಟಿದರೆ ಬಂದವರು ನೆಂಟರೇ ಆಗಲಿ ಆಫೀಸರೇ ಆಗಲಿ ಅಪ್ಪನಿಂದ ಉಗಿಸಿಕೊಂಡೇ ಹೋಗಬೇಕು. ಇವತ್ತೂ ಹಾಗೇ ಬಂದ, ಯಂತ್ರ ಕಂಡು ಸ್ವಲ್ಪ ಹಿಂದೆ ನಿಂತ, ಏನ್ ಮೇಡಮ್ಮೋರೆ, ಇದು ಎತ್ತಿ ಕೂರಿಸ್ತದೋ ಇಲ್ಲಾ ಎತ್ತಿ ಒಗೀತದೋ, ಎಂದ, ಎಲ್ಲರೂ ನಕ್ಕರು, ಪಕ್ಕದ ಹಾಸಿಗೆಯ ಮುದುಕಿ ಗುಲ್ಜಾರ್ ಬೀ ಸೊಂಟ ಮುರಿದುಕೊಂಡಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಿತು. ಮಹ್ವಿಶ್ ಹೇಳಿದಳು, ನವ್ಯಾ, ಇದು ನಿಮ್ಮಿಷ್ಟ, ನೀವು ಒಪ್ಪಿದರೆ ಮಾತ್ರ, ಇಲ್ಲಾಂದ್ರೆ ನಿಮ್ಮ ತಂದೆ ಇದ್ದೇ ಇದ್ದಾರೆ, ಎಂದಿನ ಹಾಗೆ ಅವರೇ ಎತ್ತಲಿ, ಮಿಷನ್ ನಾಳೆ ನೋಡೋಣ. ಅಪ್ಪ ಆಗಲೇ ಬಗ್ಗಿದ್ದ, ಎರಡೂ ಕೈ ಮುಂದೆ ಚಾಚಿದ್ದ, ಅಂಗೈ ಮೇಲಾಗಿ, ಬೆರಳು ಒಂಚೂರು ಬಾಗಿ — ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಟ್ಟ ಬಿದಿರಿನ ಚಂದ್ರಿಕೆಯನ್ನು ಅಲುಗಿಸದೆ ಎತ್ತಿ ನೆರಳಿಗಿಡುವಾಗ ಇರುತ್ತವಲ್ಲ, ಹಾಗೆ. ಆಗಲಿ ಮೇಡಂ ಎನ್ನಬಹುದಿತ್ತು, ಮಿಷನ್ನೇ ಇರಲಿ ಎನ್ನಬಹುದಿತ್ತು, ಬರೀ ತಲೆಯಾಡಿಸಿದ್ದರೂ ಸಾಕಿತ್ತು, ಅವಳು ಹುಟ್ಟಿದಾಗಿನಿಂದ ಮಾಡಿದ್ದೇ ತಲೆಯಾಡಿಸುವುದು, ಆದರೆ ಬಾಯಿಂದ ಬಂದದ್ದು ಎರಡೇ ಮಾತು, ಅಪ್ಪ ಬೇಡ. ಪಕ್ಕದ ಹಾಸಿಗೆಗೂ ಕೇಳದ ಅವಳ ದನಿ ಇವತ್ತು ವಾರ್ಡಿನ ಆ ತುದಿಯ ಕಿಟಕಿಗೆ ಹೋಗಿ ತಾಕಿ ವಾಪಸ್ಸು ಬಂತು. ಗುಲ್ಜಾರ್ ಬೀ ನಗು ನಿಲ್ಲಿಸಿತು. ಬಾಲರಾಜು ರಿಮೋಟನ್ನು ನೋಡತೊಡಗಿದ. ಅಪ್ಪನ ಕೈಗಳು ಹಾಗೇ ಇದ್ದವು, ಗಾಳಿಯಲ್ಲಿ, ಚಾಚಿಕೊಂಡು, ಅವುಗಳಿಗಿನ್ನೂ ಸುದ್ದಿ ಮುಟ್ಟಿಲ್ಲದ ಹಾಗೆ, ಆಮೇಲೆ ನಿಧಾನಕ್ಕೆ ಮೇಲೆ ಹೋದವು, ಮುಖದ ಹತ್ತಿರ, ಅಪ್ಪ ಅವನ್ನು ಮೂಸಿದ. ಮೊದಲು ಬಲಗೈ, ಆಮೇಲೆ ಎಡಗೈ. ತಿರುಗಿ ಹೊರಗೆ ಹೋದ.

ಮೂಸಿದ — ವಾಸನೆ ಎಂದುಕೊಂಡ, ಅಯ್ಯೋ, ವಾಸನೆ ಎಂದುಕೊಂಡ ಅಪ್ಪ, ಯಾಕೆ ಎಂದುಕೊಳ್ಳಬಾರದು, ಹಾಗೆಂದು ಅವಳೇ ಅಲ್ಲವೆ ಕಲಿಸಿಕೊಟ್ಟದ್ದು, ಬಿಡದಿಯಲ್ಲಿ, ಪಿಜಿಯ ಗೇಟಿನ ಮುಂದೆ. ಕಾರಿನ ಭಾಗಗಳನ್ನು ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತು, ಬಿ.ಕಾಂ. ಆದವಳು ನಮ್ಮ ಕೇರಿಗೇ ಒಬ್ಬಳು ಎಂದು ಅಪ್ಪ ಬಸ್ಸಿನ ಕಂಡಕ್ಟರಿಗೂ ಹೇಳಿಕೊಂಡು ಬಂದಿದ್ದ ದಿನ, ರಾಗಿಹಿಟ್ಟು, ಅವರೆಕಾಯಿ, ಅವ್ವ ಕೊಟ್ಟ ಹುರಿಗಾಳು, ಚೀಲ ಕೆಳಗಿಟ್ಟವನೇ ಅವಳ ಕೆನ್ನೆಗೆ ಅಂಟಿದ್ದ ಏನನ್ನೋ ಒರೆಸಲು ಕೈ ಚಾಚಿದ, ಶಿಫ್ಟಿಗೆ ಹೊರಟ ಹುಡುಗಿಯರು ಗೇಟಿನಲ್ಲಿ ನಿಂತಿದ್ದರು, ಅವಳು ಮುಖ ಹಿಂದಕ್ಕೆಳೆದುಕೊಂಡು, ಅಪ್ಪಾ, ಕೈ ಹುಳದ ವಾಸ್ನೆ, ಎಂದು ನಕ್ಕಳು, ನಕ್ಕರೆ ತಮಾಷೆಯಾಗಿ ಹೋಗುತ್ತದೆ ಎಂದು ನಕ್ಕಳು, ಹುಡುಗಿಯರು ನಗಲೂ ಇಲ್ಲ, ಒಬ್ಬಳು ಮಾತ್ರ ಯಾವ ಹುಳ ಎಂದು ಕೇಳಿದಳು. ಸೋಪಾಕಿ ತೊಳ್ಕಂಡಿದ್ನಲ್ಲವ್ವ, ಎಂದ ಅಪ್ಪ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಅಂಗೈ ನೋಡಿಕೊಂಡ, ಅದಾದ ಮೇಲೆ ಪಿಜಿಗೆ ಬಂದಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ, ಇಸ್ಕೂಲಿಗೆ ಇನ್ಸ್‌ಪೆಕ್ಟರ್ ಬಂದಾಗ ನಿಲ್ಲುವ ಹಾಗೆ. ಅವಳು ಬಿದ್ದು, ಬೆನ್ನುಮೂಳೆ ಹೋಗಿ, ಈ ಹಾಸಿಗೆ ಸೇರಿದ ಮೇಲೇ ಆ ಕೈಗಳು ಮತ್ತೆ ಮುಂದೆ ಬಂದದ್ದು. ಎತ್ತುವುದನ್ನು ಕಲಿತ ಅಪ್ಪ, ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ, ನಿಮ್ಮ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ ಎಂದು ಮಹ್ವಿಶ್ ಹೇಳಿಕೊಟ್ಟಳು, ನಾಕೇ ದಿನಕ್ಕೆ ಬಾಲರಾಜುವಿಗೇ ಪಾಠ ಹೇಳತೊಡಗಿದ, ಲೇ ಹಂಗಲ್ಲ ಕಣ್ಲಾ, ಕಾಲು ಜೋತಾಡ್ತವೆ, ಪಾದ ಇಡ್ಕೊ ಮೊದ್ಲು. ಜಗಲಿಯ ಬೆಂಚಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು, ನನ್ ಮಗಳು ಏನ್ ತೂಕ್ವೇ ಇಲ್ಲ ಕಣಣ್ಣೋ, ಒಣಗಿದ ಗೂಡಿನ ಚೀಲ ಇದ್ದಂಗವ್ಳೆ, ಇಬ್ರು ಯಾಕೆ, ನಾನೊಬ್ನೇ ಸಾಕು. ವಾಸನೆಯಲ್ಲ ಅಪ್ಪಾ. ಫಿನಾಯಿಲ್ ಮತ್ತು ಇಂಜೆಕ್ಷನ್ನಿನ ಈ ಕೋಣೆಯಲ್ಲಿ ಅವಳದು ಎನ್ನುವ ಒಂದೇ ಒಂದು ವಾಸನೆ ಅದು, ಹಿಪ್ಪುನೇರಳೆ ಸೊಪ್ಪಿನದು, ಬ್ಲೀಚಿಂಗ್ ಪುಡಿಯದು, ಎತ್ತುವಾಗ ಅಪ್ಪನ ಕುತ್ತಿಗೆಯ ಹತ್ತಿರ ಕಣ್ಣು ಮುಚ್ಚಿಕೊಂಡು ಅದನ್ನೇ ಎಳೆದುಕೊಳ್ಳುತ್ತಾಳೆ, ಇದನ್ನು ಹೇಗೆ ಹೇಳುವುದು, ಹೇಳಿದರೆ ಮತ್ತ್ಯಾಕೆ ಬೇಡ ಅಂದೆ ಮಗಾ ಎನ್ನುತ್ತಾನಲ್ಲ.

ಏಳುತ್ತಿದೆ. ಮೋಟಾರು ಮೆತ್ತಗೆ ಗುಂಯ್‌ಗುಟ್ಟಿತು, ಜೋಲಿಯ ಬಟ್ಟೆ ಭುಜಗಳ ಹಿಂದೆ ಬಿಗಿಯಿತು, ತಲೆದಿಂಬು ದೂರವಾಯಿತು, ಪ್ಲೀಸ್ ರಿಲ್ಯಾಕ್ಸ್ ಎಂದಿತು ಯಂತ್ರದೊಳಗಿನ ಹೆಂಗಸು, ರಿಲ್ಯಾಕ್ಸಂತೆ, ಹೇಳಾದು ಸುಲಭ ಕಣಮ್ಮ ನಿಂಗೆ, ಎಂದ ಬಾಲರಾಜು, ನಗಿಸಲು ನೋಡುತ್ತಿದ್ದಾನೆ ಪಾಪ, ನಿನ್ನೆ ಕಂಪನಿಯವರು ಬಂದು ಕಲಿಸುವಾಗ ಅವನೇ ರೋಗಿಯಾಗಿ ಜೋಲಿಯಲ್ಲಿ ಕೂತು ಮೇಲೇರಿ, ನನ್ ಸೊಂಟ ಉಳೀತು ಕಣಪ್ಪೋ, ನಮ್ಮೆಂಡ್ರು ನಿಂಗೆ ಹೋಳಿಗೆ ಮಾಡಿ ಹಾಕ್ತಾಳೆ ಎಂದು ಯಂತ್ರಕ್ಕೆ ಕೈ ಮುಗಿದಿದ್ದ, ಆಗ ಅವಳೂ ನಕ್ಕಿದ್ದಳು, ನಿನ್ನೆ ನಗಲು ಆಗುತ್ತಿತ್ತು. ಗಾಜಿನ ಪರದೆಯ ಮೇಲೆ ದೊಡ್ಡ ಹಸಿರು ಅಂಕಿಗಳು ಮೂಡಿದವು, ತೂಕ, ಎತ್ತುವಾಗ ತೂಗಿಯೂ ಬಿಡುತ್ತದಂತೆ, ಎಲ್ಲರಿಗೂ ಕಾಣುವಂತೆ. ಹಾಯ್ ಅಲ್ಲಾ, ಇಷ್ಟೇನಾ ಬೇಟಿ, ನಮ್ಮನೆ ಬಕ್ರೀದ್ ಟಗರೇ ಇದಕ್ಕಿಂತ ಭರ್ತಿ ಇತ್ತು, ಎಂದಿತು ಗುಲ್ಜಾರ್ ಬೀ, ಹೆದರ್ಬೇಡ, ಜೋಕಾಲಿ ಅಂದ್ಕೋ, ನಾಳೆ ನಂದೂ ಸರದಿ ಅದೆ. ಹೆದರಿಕೆಯಲ್ಲ, ಹೆದರಿಕೆ ಇಲ್ಲವೇ ಇಲ್ಲ, ಇದನ್ನು ಅವಳು ಮೊದಲೇ ಬಲ್ಲಳು, ಕಾರ್ಖಾನೆಯ ಸ್ಟೋರ್ಸಿನ ಗಾಜಿನಾಚೆ ಹಳದಿ ಬಣ್ಣದ ಯಂತ್ರದ ತೋಳುಗಳು ದಿನವಿಡೀ ಕಾರಿನ ಬಾಗಿಲುಗಳನ್ನು ಎತ್ತಿ ಜೋಡಿಸಿ ಮತ್ತೆ ಖಾಲಿ ಕೈಯಲ್ಲಿ ತಿರುಗುವುದನ್ನು ಊಟದ ಹೊತ್ತಿನಲ್ಲಿ ಒಬ್ಬಳೇ ನಿಂತು ನೋಡುತ್ತಿದ್ದಳು, ಎಷ್ಟು ಹಗುರ ಅವುಗಳ ಬದುಕು, ಎತ್ತಿದ್ದು ಯಾರನ್ನು, ಏನನ್ನು, ಅದರ ಮೇಲೆ ಏನು ಅಂಟಿತ್ತು, ನೆನಪಿಟ್ಟುಕೊಳ್ಳುವುದಿಲ್ಲ, ಮುಖ ಇಲ್ಲ, ಆದ್ದರಿಂದ ಮುಖ ತಿರುಗಿಸುವುದೂ ಇಲ್ಲ. ಹದಿನೈದು ದಿನದ ಹಿಂದೆ ರೋಬೋ ಬರುತ್ತದಂತೆ ಎಂದು ಮಹ್ವಿಶ್ ಹೇಳಿದಾಗ ಅವಳು ಮೇಡಂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಖುಷಿಗೆ, ನಡೆಸುತ್ತದೆ ಎಂಬ ಆಸೆಗೆ ಅಂದುಕೊಂಡು ಮಹ್ವಿಶ್ ಅವಳ ತಲೆ ಸವರಿದಳು. ಆ ಆಸೆಗಲ್ಲ. ನೆನಪಿಟ್ಟುಕೊಳ್ಳದ ಕೈಗಳು ಸಿಗುತ್ತವಲ್ಲ, ಅದಕ್ಕೆ.

ಅಪ್ಪ ನೆನಪಿಟ್ಟುಕೊಂಡಿದ್ದಾನೆ. ಹೋದ ತಿಂಗಳಿನ ಆ ಬೆಳಿಗ್ಗೆಯೂ ಹೀಗೇ ಬಿಸಿಲಿತ್ತು, ಅಪ್ಪ ಬಿಳಿ ಪಂಚೆ ಉಟ್ಟಿದ್ದ, ಎತ್ತಿದ, ಕುರ್ಚಿಯಲ್ಲಿ ಕೂರಿಸಿದ, ನೆಟ್ಟಗೆ ನಿಂತ, ಮೊದಲು ಕಂಡದ್ದು ಅವಳಿಗೆ — ಪಂಚೆಯ ಮೇಲೆ, ತೊಡೆಯ ಹತ್ತಿರ, ಅಂಗೈಯಗಲ ಕೆಂಪು. ಅವಳದು. ಬಿದ್ದ ಮೇಲೆ ಮೊದಲ ಸಲ, ಬಂದದ್ದೇ ಗೊತ್ತಾಗಿರಲಿಲ್ಲ, ಗೊತ್ತಾಗುವುದು ಹೇಗೆ, ಅವಳ ಮೈಯಲ್ಲಿ ನಡೆದದ್ದು ಅವಳಿಗಿಂತ ಮುಂಚೆ ಅಪ್ಪನ ಪಂಚೆಗೆ ಗೊತ್ತಾಯಿತು. ಅವಳ ಕಣ್ಣು ಹೋದ ಕಡೆ ಅಪ್ಪನ ಕಣ್ಣೂ ಹೋಯಿತು, ತಕ್ಷಣ ಮೇಲೆ ಫ್ಯಾನು ನೋಡಿದ, ಬಾಲರಾಜು ತಿರುಗುವಷ್ಟರಲ್ಲಿ ಪಂಚೆ ಎತ್ತಿ ಮಡಚಿ ಕಟ್ಟಿಕೊಂಡು, ಥೂ, ಈ ಎಲೆಅಡ್ಕೆ ಹಾಳಾದ್ದು, ಎಲ್ಲಂದ್ರಲ್ಲಿ ಸೋರ್ತದೆ, ಎಂದು ಜೋರಾಗಿ ಅಂದ. ಜೀವಮಾನದಲ್ಲಿ ಎಲೆಅಡಿಕೆ ಹಾಕಿದವನಲ್ಲ, ಹೊಗೆಸೊಪ್ಪಿನ ಗಾಳಿ ತಾಕಿದರೆ ಹುಳ ಸಾಯುತ್ತವೆ ಎಂದು ಹಾಕುವವರನ್ನೂ ಅಂಗಳದಾಚೆ ನಿಲ್ಲಿಸುವವನು. ಸಿಸ್ಟರಮ್ಮ, ಮಗೀನ ಒಸಿ ನೋಡ್ಕಳಿ, ಎಂದು ಹೇಳಿ ಹೋದ, ಆಮೇಲೆ ಕಿಟಕಿಯಿಂದ ಕಂಡಿತು, ಟವಲು ಸುತ್ತಿಕೊಂಡು ನಲ್ಲಿಯ ಕೆಳಗೆ ಕೂತು ಪಂಚೆ ಉಜ್ಜುತ್ತಿದ್ದ, ಉಜ್ಜಿ ಬೆಳಕಿಗೆ ಹಿಡಿದು ಮತ್ತೆ ಉಜ್ಜುತ್ತಿದ್ದ. ಕಣ್ಣು ಮುಚ್ಚಿಕೊಂಡರೂ ಕಿವಿ ಮುಚ್ಚಿಕೊಳ್ಳಲಾಗದೆ ಕೇಳಿತು, ಫೋನಿನಲ್ಲಿ ಅವ್ವನ ಹತ್ತಿರ, ಗಂಗೂ, ನಾಳೆ ಊರಿಗೆ ಬಂದ್ರೂ ಹುಳದ ಮನೆಗೆ ಕಾಲಿಡಾಕಿಲ್ಲ ಕಣೆ, ಮೂರು ದಿವ್ಸ ನೀನೇ ನೋಡ್ಕೊ, ಹುಳ ನಾಕ್ನೇ ಜ್ವರಕ್ಕೆ ಕುಂತವೆ, ಸದ್ದು ಮಾಡ್ಬೇಡ, ಪೊರೆ ಬುಟ್ಮೇಲೆ ಸೊಪ್ಪಾಕು. ಯಾಕೆ ಅಂದ್ರೆ? ಸುಮ್ಕೆ. ಸುಮ್ಕೆ ಅಂದ್ನಲ್ಲ, ಇನ್ನೇನ್ ಬುಡ್ಸಿ ಹೇಳ್ಬೇಕು. ಮೂರು ದಿನ — ಅವರ ಮನೆಯಲ್ಲಿ ಹೊರಗಾದ ಹೆಂಗಸರು ಹುಳದ ಮನೆಯ ಬಾಗಿಲಿಗೂ ಹೋಗುವಂತಿಲ್ಲ, ಎಂಟನೆಯ ಕ್ಲಾಸಿನಿಂದ ಅವಳು ಆ ಹೊಸ್ತಿಲಿನಿಂದ ಎಷ್ಟು ಸಲ ಹಿಂದೆ ಸರಿದಿಲ್ಲ, ದೂರ ಇರವ್ವ, ಹುಳ ತಡ್ಕಳಾಕಿಲ್ಲ ಎಂದು ಅಪ್ಪ ಬೇರೆ ಕಡೆ ನೋಡಿಕೊಂಡು ಹೇಳುತ್ತಿದ್ದ, ಈಗ ಅಪ್ಪ ತಾನೇ ಹೊರಗಾಗಿ ಕೂತಿದ್ದಾನೆ, ಅವಳ ಮೂರು ದಿನವನ್ನು ತನ್ನ ಮೈಮೇಲೆ ಹಾಕಿಕೊಂಡು, ಆ ಹೊಸ್ತಿಲಿನಾಚೆ. ಬೇರೆ ಯಾರ ಮನೆಯ ಕಥೆಯಾಗಿದ್ದರೆ ಅವಳೂ ಅವ್ವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡೈರಿಯಲ್ಲಿ ಆ ದಿನದ ಪುಟ ಖಾಲಿ ಬಿಟ್ಟಳು, ಖಾಲಿ ಬಿಟ್ಟದ್ದೂ ಎದ್ದು ಕಾಣುತ್ತದಲ್ಲ ಎಂದು ಅಲ್ಲಿ ಒಂದು ಹೂವಿನ ಚಿತ್ರ ಬರೆದಳು. ಅಂದಿನಿಂದ ಅಪ್ಪ ಬಿಳಿ ಪಂಚೆ ಉಟ್ಟಿಲ್ಲ. ಕಂದು ಬಣ್ಣದ ಚೌಕಳಿ ಲುಂಗಿ, ದಿನಾ, ಪಂಚೆ ಬುಟ್ಬುಟ್ರಾ ಬೈರಣ್ಣ, ಸಾಬ್ರಾಗ್ಬುಟ್ರಾ ಎಂದು ಬಾಲರಾಜು ರೇಗಿಸಿದ, ನಮ್ಮೋರಾದ್ರೆ ಬಿರ್ಯಾನಿ ಕೊಡಿಸ್ಬೇಕು ಎಂದಿತು ಗುಲ್ಜಾರ್ ಬೀ, ಆಸ್ಪತ್ರೆ ಧೂಳಿಗೆ ಲುಂಗೀನೇ ವಾಸಿ ಎಂದ ಅಪ್ಪ. ಯಾಕೆ ಲುಂಗಿ ಎಂದು ಅವಳಿಗೊಬ್ಬಳಿಗೆ ಗೊತ್ತು, ಗೊತ್ತು ಎಂದು ಅವನಿಗೂ ಗೊತ್ತು, ಬಾಗಿಲಲ್ಲಿ ಆ ಕಂದು ಬಣ್ಣ ಕಂಡ ಕೂಡಲೇ ಅವಳ ಮುಖ ನಾಚಿಕೆಗೆ ಬಿಸಿಯಾಗುತ್ತದೆ, ಇವತ್ತು ಬೆಳಿಗ್ಗೆಯಿಂದ ತಲೆ ಭಾರ, ಎದೆ ನೋವು, ಮತ್ತೆ ಆ ಮೂರು ದಿನ ಹತ್ತಿರ ಬಂದಿದೆ, ಅದಕ್ಕೇ, ಅದಕ್ಕೇ ಅಪ್ಪಾ, ವಾಸನೆಗಲ್ಲ.

ಟವಲು ಸರೀತಿದೆ, ತಾಳಿ, ಎಂದು ಮಹ್ವಿಶ್ ಜೋಲಿಯ ಮೇಲೆ ಹೊದಿಸಿದ್ದ ಟವಲನ್ನು ಅವಳ ತೊಡೆಯ ಸುತ್ತ ಸಿಕ್ಕಿಸಿದಳು, ಗಾಳಿ, ಕಿಟಕಿಯ ಗಾಳಿ, ಟವಲಿನ ಅಂಚು ಹಾರುತ್ತಿದೆ — ಹಾಗೇ ಹಾರುತ್ತಿತ್ತು, ಪಿಜಿಯ ತಾರಸಿಯ ಮೇಲೆ, ತಂತಿಯಲ್ಲಿ, ಒಳಬಟ್ಟೆಗಳನ್ನು ಟವಲಿನ ಕೆಳಗೆ ಅಡಗಿಸಿ ಒಣಗಿಸುವುದು, ಊರಿನಲ್ಲಿ ಅವ್ವ ಕಲಿಸಿದ್ದು, ಬಿಡದಿಯಲ್ಲಂತೂ ಎದುರಿನ ತಾರಸಿ ಪೂರ್ತಿ ಹುಡುಗರದು, ಟವಲಿಗೆ ಎರಡು ಕ್ಲಿಪ್ಪು ಹಾಕುತ್ತಿದ್ದಳು, ಆ ದಿನ ಒಂದು ಕ್ಲಿಪ್ಪು ಮುರಿದಿತ್ತು. ಕೆಳಗೆ ಪಾತ್ರೆ ತೊಳೆಯುತ್ತಿದ್ದವಳು ತಲೆಯೆತ್ತಿ ನೋಡಿದರೆ ಗಾಳಿಗೆ ಟವಲು ಬಿಚ್ಚಿಕೊಂಡು ಎಲ್ಲವೂ ಬಿಸಿಲಿಗೆ ಬಿದ್ದು ಆಡುತ್ತಿದ್ದವು, ಎದುರಿನ ತಾರಸಿಯಲ್ಲಿ ಯಾರೋ ಸಿಳ್ಳೆ ಹಾಕಿದರು, ಅವಳಿಗೇ ಹಾಕಿದರೋ ಪಾರಿವಾಳಕ್ಕೆ ಹಾಕಿದರೋ, ಸೋಪಿನ ಕೈಯಲ್ಲೇ ಎರಡೆರಡು ಮೆಟ್ಟಿಲು ಹಾರಿ ಓಡಿದಳು, ಹಿಡಿದಳು, ಎಲ್ಲವನ್ನೂ ಬಾಚಿ ಎದೆಗವುಚಿಕೊಂಡಳು, ಇಳಿಯುವಾಗ ಒದ್ದೆ ಮೆಟ್ಟಿಲು, ಕೈ ಚಾಚಿ ಕಂಬಿ ಹಿಡಿಯಬಹುದಿತ್ತು, ಹಿಡಿದಿದ್ದರೆ ಬಟ್ಟೆ ಬೀಳುತ್ತಿದ್ದವು. ಹಿಡಿಯಲಿಲ್ಲ. ಎಲ್ಲರಿಗೂ ಹೇಳಿದ್ದು ಪಾಚಿ ಇತ್ತು, ಜಾರಿದೆ ಎಂದು. ಅಪ್ಪ ಆ ಪಿಜಿಗೆ ಹೋಗಿ ಮಾಲೀಕಳ ಜೊತೆ ಜಗಳವಾಡಿ ಬಂದ, ಪಾಚಿ ಉಜ್ಜಿಸಾಕಾಗ್ದೋರು ಯಾಕಮ್ಮ ಹೆಣ್ಮಕ್ಳ ಇಟ್ಕೋತೀರಿ ಎಂದು, ಇಲ್ಲದ ಪಾಚಿಗೆ. ನಾಚಿಕೆ ಅವಳನ್ನು ಮೆಟ್ಟಿಲ ಮೇಲಿಂದ ತಳ್ಳಿತು, ಈಗ ಅದೇ ನಾಚಿಕೆ ಅಪ್ಪನನ್ನು ಬಾಗಿಲಿನಾಚೆ ತಳ್ಳಿದೆ, ಆಗ ಬಟ್ಟೆ ಬಿಡಲಿಲ್ಲ, ಈಗ ಬಾಯಿ ಬಿಡುತ್ತಿಲ್ಲ, ಒಂದು ಮಾತು, ಒಂದೇ ಮಾತು ಹೇಳಿದರೆ ಮುಗಿಯುತ್ತದೆ, ಆ ಮಾತು ಹೇಳಬೇಕಾದರೆ ಪಂಚೆಯ ಮಾತು ಬರುತ್ತದೆ, ಲುಂಗಿಯ ಮಾತು ಬರುತ್ತದೆ, ಅಪ್ಪ ಮಗಳು ಎದುರೆದುರು ಅದನ್ನು ಆಡಿದ ಮನೆ ಅವರ ಕಡೆ ಒಂದೂ ಇಲ್ಲ. ಹೇಳದೆ ಇದ್ದರೆ ಅಪ್ಪನ ಕೈ ವಾಸನೆಯೇ. ಯಾವಾಗಲೂ.

ಈಗ ತಿರುಗಿಸ್ತೀನಿ ನವ್ಯಾ, ಎಂದಳು ಮಹ್ವಿಶ್, ಯಂತ್ರದ ಗಾಲಿಗಳು ಹಾಸಿಗೆಯ ಕೆಳಗಿಂದ ಹೊರಬಂದವು, ಇಡೀ ವಾರ್ಡು ಅವಳ ಸುತ್ತ ನಿಧಾನಕ್ಕೆ ಸುತ್ತತೊಡಗಿತು, ಕಿಟಕಿ, ಗುಲ್ಜಾರ್ ಬೀಯ ಬಾಯಿಗೆ ಮುಚ್ಚಿದ ಸೆರಗು, ಗೋಡೆಯ ಗಡಿಯಾರ, ಬಾಗಿಲು, ಬಾಗಿಲಲ್ಲಿ ಬಿಸಿಲು, ಯಾರ ಕೈಯೂ ತಾಕದೆ ಮೇಲಿದ್ದಾಳೆ, ಇದನ್ನೇ ತಾನೆ ಬೇಡಿಕೊಂಡದ್ದು, ಯಾರೂ ಏದುಸಿರು ಬಿಡುತ್ತಿಲ್ಲ, ಯಾರ ಬೆವರೂ ಇಲ್ಲ, ಒಸಿ ತಡ್ಕೊ ಕಣವ್ವ, ಆಯ್ತು ಆಯ್ತು ಎನ್ನುವವರೂ ಇಲ್ಲ. ಎಷ್ಟು ತಣ್ಣಗಿದೆ ಇಲ್ಲಿ. ಮಗುವಾಗಿದ್ದಾಗ ಜ್ವರ ಬಂದರೆ ಅಪ್ಪ ಹೆಗಲ ಮೇಲೆ ಹಾಕಿಕೊಂಡು ಹುಳದ ಮನೆಯ ಹೊರಗೆ ಅತ್ತಿಂದಿತ್ತ ತಿರುಗುತ್ತಿದ್ದನಂತೆ, ಒಳಗೆ ಹುಳಗಳಿಗೂ ಜ್ವರ, ಅ‌ವೂ ತಲೆಯೆತ್ತಿಕೊಂಡು ಸುಮ್ಮನೆ ಕೂತಿರುತ್ತವೆ, ಪೊರೆ ಬಿಡುವ ತನಕ ಸೊಪ್ಪು ಮುಟ್ಟುವುದಿಲ್ಲ, ಅವುನ್ನೂ ನಿನ್ನೂ ಒಟ್ಗೇ ಕಾದಿದ್ದೀನಿ ಕಣವ್ವ ಎನ್ನುತ್ತಿದ್ದ. ಕಾಲು, ಕಾಲು ನೋಡಿ, ಎಂದು ಮಹ್ವಿಶ್ ದನಿ ಏರಿತು, ಜೋಲಿ ತಿರುಗಿದ ರಭಸಕ್ಕೆ ಅವಳ ಕಾಲುಗಳು ತೂಗಾಡುತ್ತಿರಬೇಕು, ಟಣ್ ಎಂದು ಏನೋ ಕಂಬಕ್ಕೆ ಬಡಿದ ಸದ್ದು, ಅವಳ ಪಾದವೇ ಇರಬೇಕು, ನೋವಿಲ್ಲ, ಸದ್ದು ಮಾತ್ರ, ಬೇರೆಯವರ ಮನೆಯ ಪಾತ್ರೆ ಬಿದ್ದ ಹಾಗೆ. ಬಾಲರಾಜು, ನೀವು ರಿಮೋಟ್ ಬಿಡ್ಬೇಡಿ, ಯಾರಾದ್ರೂ ಬಂದು ಪಾದ ಹಿಡ್ಕೊಳಿ, ಸಿಸ್ಟರ್, ಸಿಸ್ಟರ್ ಎಲ್ಲಿ, ಬೈರಣ್ಣ ಎಲ್ಲಿ ಹೋದ್ರು? ಅವರು ಹೋದ್ರು ಮೇಡಂ, ಎಂದ ಬಾಲರಾಜು, ಮೆಲ್ಲಗೆ. ಹೋದ. ಊರಿನ ಬಸ್ಸು ಹತ್ತಿಬಿಟ್ಟನೇನೋ, ಕಿಟಕಿಯ ಪಕ್ಕ ಕೂತು ಕನಕಪುರದವರೆಗೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾನೆ, ಅವ್ವ ಕೇಳಿದರೆ ಮಿಷನ್ ಬಂದದೆ ಕಣೆ, ಚೆನ್ನಾಗದೆ, ಇನ್ ನಾನು ಬೇಕಿಲ್ಲ ಎನ್ನುತ್ತಾನೆ, ಅಷ್ಟೇ ಅನ್ನುವುದು, ಮೂಸಿದ್ದನ್ನು ಹೇಳುವುದಿಲ್ಲ. ಕೂಗಬೇಕು, ಅಪ್ಪಾ ಎಂದು ಒಂದು ಸಲ, ಬೇಡ ಎನ್ನಲು ಬಂದ ದನಿ ಅಪ್ಪಾ ಎನ್ನಲು ಯಾಕೆ ಬರುವುದಿಲ್ಲ, ಬಾಯಿ ತೆರೆದಳು, ಗಾಳಿ ಬಂತು, ಎಲ್ಲರೂ ನೋಡುತ್ತಿದ್ದಾರೆ, ಕಣ್ಣು ಮುಚ್ಚಿಕೊಂಡಳು, ಮುಚ್ಚಿದ ಕಣ್ಣಿನೊಳಗೂ ಅವೇ ಎರಡು ಕೈ, ಚಾಚಿಕೊಂಡು, ಅಂಗೈ ಮೇಲಾಗಿ, ಮೇಲೆ ಹೋಗುತ್ತವೆ, ಮೂಗಿನ ಹತ್ತಿರ, ಮೊದಲು ಬಲಗೈ, ಆಮೇಲೆ ಎಡಗೈ, ಮತ್ತೆ ಚಾಚಿಕೊಂಡು, ಮತ್ತೆ ಮೇಲೆ.

ಹಾಂ, ಹಾಗೆ, ಎಂದಳು ಮಹ್ವಿಶ್, ದನಿ ಇಳಿದಿತ್ತು, ಹಾಗೇ ಇರಲಿ, ಇಳಿಸಿ ಬಾಲರಾಜು, ನಿಧಾನ, ಇನ್ನೂ ನಿಧಾನ. ಯಾರೋ ಸಿಸ್ಟರ್ ಬಂದಿರಬೇಕು. ಮೋಟಾರು ಗುಂಯ್‌ಗುಟ್ಟುತ್ತ ಇಳಿಯಿತು, ಬೆನ್ನಿಗೆ ಕುರ್ಚಿ ತಾಕಿತು, ಭುಜಗಳ ಪಟ್ಟಿ ಸಡಿಲವಾಯಿತು, ಟಾಸ್ಕ್ ಕಂಪ್ಲೀಟೆಡ್ ಎಂದಿತು ಯಂತ್ರದೊಳಗಿನ ಹೆಂಗಸು, ಯಾರೂ ಚಪ್ಪಾಳೆ ತಟ್ಟಲಿಲ್ಲ, ನಿನ್ನೆ ಬಾಲರಾಜುವಿಗೆ ತಟ್ಟಿದ್ದರು. ಯಾ ಅಲ್ಲಾ, ಎಂದಿತು ಗುಲ್ಜಾರ್ ಬೀ, ಕಣ್ ಬಿಡು ಬೇಟಿ, ಕೆಳಗೆ ನೋಡು. ಬಿಡಲೋ ಬೇಡವೋ ಎಂದು ಬಿಟ್ಟಳು. ಮೊದಲು ಕಂಡದ್ದು ತಲೆ, ನೆತ್ತಿಯ ಸುಳಿ, ಅದರ ಸುತ್ತ ಬೆಳ್ಳಗಾದ ಕೂದಲು, ಅಪ್ಪನ ನೆತ್ತಿಯನ್ನು ಅವಳು ಯಾವತ್ತೂ ಮೇಲಿಂದ ನೋಡಿರಲಿಲ್ಲ, ಹಬ್ಬಕ್ಕೆ ಹಬ್ಬಕ್ಕೆ ಅವನ ಕಾಲಿಗೆ ಬೀಳುವವಳು ಅವಳು, ಅವನ ಪಾದದ ಬಿರುಕುಗಳು ಅವಳಿಗೆ ಬಾಯಿಪಾಠ, ನೆತ್ತಿ ಗೊತ್ತಿರಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ, ಕಂದು ಲುಂಗಿ ನೆಲದಲ್ಲಿ ಹರಡಿಕೊಂಡಿತ್ತು, ಮುಖ ಮೇಲೆತ್ತಲಿಲ್ಲ, ಹಿಮ್ಮಡಿ ಕಬ್ಬಿಣಕ್ಕೆ ತಗುಲ್ತದೆ ಮೇಡಮ್ಮೋರೆ, ಅವ್ಳಿಗೆ ಗೊತ್ತಾಗಾಕಿಲ್ಲ, ಗಾಯ ಆದ್ರೂ ಗೊತ್ತಾಗಾಕಿಲ್ಲ, ಅದ್ಕೆ ಇಡ್ಕಂಡೆ, ಎಂದ, ಮಹ್ವಿಶ್‌ಗೆ, ಆಮೇಲೆ ಇನ್ನೂ ಮೆಲ್ಲಗೆ, ಅವಳ ಮಂಡಿಗೆ ಹೇಳುವವನ ಹಾಗೆ, ಕೈಗೆ ಚೀಲ ಆಕ್ಕಂಡಿವ್ನಿ ಕಣವ್ವ, ಸಿಸ್ಟರಮ್ಮ ಕೊಟ್ರು, ವಾಸ್ನೆ ಬರಾಕಿಲ್ಲ. ಅವಳ ಎರಡು ಹಿಮ್ಮಡಿಗಳ ಕೆಳಗೆ, ಕಬ್ಬಿಣಕ್ಕೂ ಅವಳಿಗೂ ನಡುವೆ, ನೀಲಿ ಗ್ಲೌಸಿನೊಳಗೆ ಎರಡು ಕೈ, ಎಡಗೈಯದು ತಿರುವುಮುರುವಾಗಿದೆ, ಕಿರುಬೆರಳು ಒಳಗೆ ಹೋಗಿಲ್ಲ, ಆ ತುದಿ ಖಾಲಿ ಜೋತುಬಿದ್ದಿದೆ, ಒಳಗಿನ ಬೆವರಿಗೆ ಗ್ಲೌಸು ಬೆರಳುಗಳಿಗೆ ಅಂಟಿಕೊಂಡಿದೆ, ಹಿಡಿದಿದ್ದಾನೆ, ಬಿಗಿಯಾಗಿ ಹಿಡಿದಿದ್ದಾನೋ ಮೆತ್ತಗೆ ಹಿಡಿದಿದ್ದಾನೋ, ಎಷ್ಟು ಹೊತ್ತಿನಿಂದ ಹಿಡಿದಿದ್ದಾನೋ, ಅವಳಿಗೆ ಗೊತ್ತಾಗುವುದಿಲ್ಲ, ಕಾಲು ಹಿಂದಕ್ಕೆಳೆದುಕೊಳ್ಳಬೇಕು, ಅಪ್ಪ ಮಗಳ ಕಾಲು ಮುಟ್ಟಬಾರದು, ಎಳೆದುಕೊಳ್ಳಲು ಕಾಲಿಲ್ಲ, ಕೈ ಮುಗಿಯಲು ಕೈ ಎದೆಯ ಮೇಲೆ ಕಟ್ಟಿಕೊಂಡದ್ದು ಹಾಗೇ ಇದೆ, ಬಿಚ್ಚಲು ಬರುತ್ತಿಲ್ಲ, ಹೇಳು, ವಾಸನೆಯಲ್ಲ ಅಪ್ಪಾ ಎಂದು ಹೇಳು, ಈಗಲಾದರೂ — ನೀಲಿ ಕೈಗಳು, ಅಂಗೈ ಮೇಲಾಗಿ, ಬೆರಳು ಒಂಚೂರು ಬಾಗಿ — ಹೇಳು — ಖಾಲಿ ಕಿರುಬೆರಳು — ನೀಲಿ, ಅಂಗೈ ಮೇಲಾಗಿ, ನೀಲಿ —